ನಗರಗಳ ಎಸ್‌ಡಿಜಿ ಡ್ಯಾಶ್‌ಬೋರ್ಡ್: ರ‍್ಯಾಂಕ್ ಬಿಡಿ, ಸೂಚಕ ನೋಡಿ

ಎಸ್‌ಡಿಜಿ ಎಂದರೆ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳು. ನೀತಿ ಆಯೋಗ ಜರ್ಮನಿಯ ಅಭಿವೃದ್ಧಿ ಸಹಕಾರ ಸಂಸ್ಥೆ ಜಿಐಝಡ್ ಜೊತೆ ಸೇರಿ 2021ರ ನವೆಂಬರ್‌ನಲ್ಲಿ ಹೊರತಂದ ನಗರ ಎಸ್‌ಡಿಜಿ ಸೂಚ್ಯಂಕದಲ್ಲಿ ಸುದ್ದಿಯಾದದ್ದು ಪಟ್ಟಿಯೊಂದೇ: 75.50 ಅಂಕದ ಶಿಮ್ಲಾ ಮೊದಲು, 52.43ರ ಧನಬಾದ್ ಕೊನೆ. ಅದರಲ್ಲಿ ಕಡಿಮೆ ಉಪಯೋಗದ ಭಾಗವೂ ಆ ಪಟ್ಟಿಯೇ. ತಿರುವನಂತಪುರ 72.36, ಕೊಚ್ಚಿ 72.29. ಹದಿನೈದರ ಸುಮಾರಿನ ಗುರಿಗಳ ಸರಾಸರಿಯಲ್ಲಿ, ಒಂದೇ ಗುರಿಯಲ್ಲಿ ಒಂದೇ ಅಂಕ ಆಚೀಚೆಯಾದರೂ ಇಷ್ಟು ಅಂತರ ಬೀಳುತ್ತದೆ.

ಸರಕು ಇರುವುದು ಒಳಗಿನ 77 ಸೂಚಕಗಳಲ್ಲಿ. ಪ್ರತಿಯೊಂದರಲ್ಲೂ ನಿಗದಿಯಾದ ಮಟ್ಟ ಮುಟ್ಟಿದರೆ 100, ಎಲ್ಲರಿಗಿಂತ ಹಿಂದಿದ್ದರೆ 0. ಎಡವಟ್ಟು ಇಲ್ಲೇ. ನಲ್ಲಿ ಸಂಪರ್ಕವಿರುವ ಮನೆಗಳ ಲೆಕ್ಕದಲ್ಲಿ ನಿಗದಿತ ಮಟ್ಟ ಶೇ 100, ಕೊನೆಯ ಊರು ಶೇ 40, ನಿಮ್ಮ ಊರು ಶೇ 70 ಎಂದುಕೊಳ್ಳಿ: 60ರಲ್ಲಿ 30 ದಾಟಿದ್ದೀರಿ, ಅಂಕ 50. ಮುಂದಿನ ಸಲ ಕೊನೆಯ ಊರು ಶೇ 55ಕ್ಕೆ ಏರಿದರೆ, ನಿಮ್ಮಲ್ಲಿ ಒಂದು ನಲ್ಲಿಯೂ ಕೆಡದೆ ಅಂಕ 33ಕ್ಕೆ ಇಳಿಯುತ್ತದೆ! ಹಾಗಾಗಿ ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಅಂಕ ಬೇಡ, ಮೂಲ ಶೇಕಡಾವನ್ನೇ ಇಟ್ಟುಕೊಳ್ಳಿ. ಒಂದು ಗುರಿಯಡಿ ಎಷ್ಟು ಸೂಚಕಗಳಿವೆ ಎಂದೂ ಎಣಿಸಿ. ಎರಡೇ ಇದ್ದರೆ ಒಂದೊಂದಕ್ಕೂ ಅರ್ಧ ಪಾಲು, ಹತ್ತಿದ್ದರೆ ಹತ್ತನೇ ಒಂದು.

ಆಮೇಲೆ ಅಂಕಿ ಯಾರದು ಎಂದು ನೋಡಿ. ಆರೋಗ್ಯದ ಅಂಕಿ ಕೊಡುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತದೆ. ಪಾಲಿಕೆಯ ಗಡಿ ಅದಕ್ಕೆ ಗೊತ್ತಿಲ್ಲ. ಹಳ್ಳಿಗಳೇ ತುಂಬಿದ ಜಿಲ್ಲೆಯ ಅಂಕಿಯನ್ನು ನಗರದ ಲೆಕ್ಕಕ್ಕೆ ಹಚ್ಚಿದರೆ ಪಾಲಿಕೆಗೆ ಸಿಗುವ ಹೊಗಳಿಕೆ, ಬೈಗುಳ ಎರಡೂ ಬೇರೆಯವರದ್ದು.

ವ್ಯಾಪ್ತಿಯೂ ಕಿರಿದು. ಸೂಚ್ಯಂಕದಲ್ಲಿರುವ 56 ನಗರಗಳಲ್ಲಿ 44 10 ಲಕ್ಷ ಜನಸಂಖ್ಯೆ ದಾಟಿದವು, ಉಳಿದ 12 ಅದಕ್ಕಿಂತ ಚಿಕ್ಕ ರಾಜಧಾನಿಗಳು. ಈ ಜರಡಿಯಲ್ಲಿ ಕರ್ನಾಟಕದಿಂದ ಉಳಿದದ್ದು ಬೆಂಗಳೂರು ಮಾತ್ರ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರಿನವರು ವಿಧಾನವನ್ನಷ್ಟೇ ಎರವಲು ಪಡೆಯಬಹುದು: ನೀರು, ಒಳಚರಂಡಿ, ಕಸ ವಿಂಗಡಣೆಯಂಥ ಪಾಲಿಕೆಯದೇ ದಾಖಲೆ ಇರುವ ಹತ್ತು ಹನ್ನೆರಡು ಸೂಚಕ ಆರಿಸಿ, ವಾರ್ಡ್‌ವಾರು ತುಂಬಿದರೆ ಸಾಕು.

ಬೆಂಗಳೂರಿಗೂ ಈಗ ಹೊಸ ಪೇಚು. 2025ರ ಸೆಪ್ಟೆಂಬರ್‌ನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ. ಐದರ ಶೇಕಡಾ ಕೂಡಿಸಿ ಐದರಿಂದ ಭಾಗಿಸಿದರೆ ಲೆಕ್ಕ ತಪ್ಪು, ಏಕೆಂದರೆ ಮನೆಗಳ ಸಂಖ್ಯೆ ಐದರಲ್ಲೂ ಒಂದೇ ಅಲ್ಲ. ನಲ್ಲಿ ಸಂಪರ್ಕವಿರುವ ಮನೆಗಳು, ಒಟ್ಟು ಮನೆಗಳು ಎರಡನ್ನೂ ಬೇರೆಬೇರೆ ಕೂಡಿಸಿ, ಆಮೇಲೆ ಭಾಗಿಸಬೇಕು.