ಖಡಿ ದಾರಿಗೆ ಅಂಚು: ಇಟ್ಟಿಗೆ, ಬೋರ್ ಪೈಪು, ಪರಸಿ ತುಂಡು

ನಮ್ಮ ಹೊಲದ ಮನೆ ಹಿಂದೆ ಸುಮಾರು 400 ಇಟ್ಟಿಗೆ ಬಿದ್ದಿವೆ. ಅರ್ಧಕ್ಕೆ ಇನ್ನೂ ಸಿಮೆಂಟು ಅಂಟಿಕೊಂಡಿದೆ. ಅವನ್ನು ನೋಡಿದಾಗಲೆಲ್ಲ, ದಾರಿಯ ಅಂಚಿಗೆ ಮೊದಲೇ ಪರಸಿ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು) ತುಂಡು ತಂದು ಹುಗಿದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ.

ಮನೆ ಇರೋದು ಅಣ್ಣಿಗೇರಿ ಹತ್ತಿರ, ಹುಬ್ಬಳ್ಳಿ-ಗದಗ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಅಪ್ಪಟ ಎರೆ ಭೂಮಿ, ಕಪ್ಪು ಮಣ್ಣು. ಗೇಟಿನಿಂದ ಮನೆ ತನಕ 140 ಅಡಿ ದಾರಿ. ಮಳೆಗಾಲದಲ್ಲೂ ಕಾರು ಒಳಗೆ ಬರಲಿ ಅಂತ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿಸಿ, ಮೇಲೆ ಮೂರು ಬ್ರಾಸ್, ಅಂದರೆ 300 ಘನ ಅಡಿ, ಖಡಿ (ಜಲ್ಲಿ ಕಲ್ಲು) ಹರವಿಸಿದೆ. ಎರಡು ತಿಂಗಳಲ್ಲಿ ಖಡಿ ಪಕ್ಕದ ಕಡ್ಲೆ ಹೊಲ ಸೇರತೊಡಗಿತು. ಟ್ರ್ಯಾಕ್ಟರ್ ಒಂದು ಸಲ ಬಂದು ಹೋದರೆ ಒಂದು ಬುಟ್ಟಿ ಖಡಿ ಅತ್ತ. ಕುಂಟೆ ಹೊಡೆಯುವವನು ಕಲ್ಲು ಸಿಕ್ಕಾಗಲೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದ. ಹಾಗಾಗಿ ಅಂಚು ಕಟ್ಟಲೇಬೇಕಾಯಿತು. ಎರಡೂ ಬದಿ ಸೇರಿ 280 ಅಡಿ.

ಮೊದಲು ಇಟ್ಟಿಗೆ. ಇದಕ್ಕೆ ಕಾರಣ ಕಲಘಟಗಿ ಕಡೆ ಇರುವ ನಮ್ಮ ಭಾವನ ಮನೆ. ಅಲ್ಲಿ ಇಟ್ಟಿಗೆ ಅಂಚು ನಾಲ್ಕು ವರ್ಷದಿಂದ ಗೆರೆ ಎಳೆದ ಹಾಗೆ ನಿಂತಿದೆ. ಆದರೆ ಅಲ್ಲಿಯದು ಕೆಂಪು ಮಣ್ಣು ಅನ್ನೋದು ನನ್ನ ತಲೆಗೆ ಹೊಳೆಯಲಿಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಮಾರ್ಚ್ ಹೊತ್ತಿಗೆ ನಮ್ಮಲ್ಲಿ ಬಿರುಕಿನೊಳಗೆ ಅಂಗೈ ಹೋಗುತ್ತದೆ. ಇಟ್ಟಿಗೆಗೆ ಇಟ್ಟಿಗೆ ಸಿಮೆಂಟು ಕೂಡಿಸಿ ಕಟ್ಟಿದ ಸಾಲು ಅದರ ಮೇಲೆ ಎಷ್ಟು ದಿನ ಇರುತ್ತದೆ? ಒಂದು ಮಳೆಗಾಲ, ಒಂದು ಬೇಸಿಗೆ, ಅಷ್ಟೇ. ಎಂಟು ಕಡೆ ಮುರಿದು, ಮುದುಕನ ಹಲ್ಲಿನ ಹಾಗೆ ಒಂದೊಂದು ಒಂದೊಂದು ಕಡೆ ವಾಲಿತು. ಗೌಂಡಿ ಕೂಲಿ ಸೇರಿ 9,500 ರೂಪಾಯಿ ನೀರಲ್ಲಿ ಹೋಮ.

ಆಮೇಲೆ ಜುಗ್ಗತನ ಶುರುವಾಯಿತು. ಬತ್ತಿದ ಬೋರಿನಿಂದ ಎತ್ತಿದ ಒಂದೂಕಾಲು ಇಂಚಿನ ಕಪ್ಪು ಪ್ಲಾಸ್ಟಿಕ್ ಪೈಪು ಸುರುಳಿ ಸುತ್ತಿ ಶೆಡ್ಡಿನ ಗೋಡೆಗೆ ಮೂರು ವರ್ಷದಿಂದ ಒರಗಿಸಿಟ್ಟಿದ್ದೆ. 320 ಅಡಿ ಇತ್ತು. ಪುಕ್ಕಟೆ ಮಾಲು, ಅಳತೆಗೂ ಸಾಕು. ಸರಳು ಒಂದೊಂದು ಅಡಿ ಕತ್ತರಿಸಿ, ನಾಲ್ಕು ಅಡಿಗೊಂದು ಗೂಟ ಹೊಡೆದು, ಬೈಂಡಿಂಗ್ ವೈರ್ ಸುತ್ತಿದೆ. ಜನವರಿಯ ಚಳಿ, ಬೆಳಗ್ಗೆ ಏಳು ಗಂಟೆ. ಪೈಪು ದಾರದ ಹಾಗೆ ನೆಟ್ಟಗೆ ಕೂತಿತು. ಫೋಟೋ ತೆಗೆದು ಭಾವನಿಗೂ ಕಳಿಸಿದೆ.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ಹೋದರೆ, ಗೇಟಿನಿಂದ ಮನೆ ತನಕ ಹಾವು ಹರಿದ ಹಾಗೆ ಅಂಕುಡೊಂಕು. ಯಾರೋ ಟ್ರ್ಯಾಕ್ಟರ್ ಹತ್ತಿಸಿದ್ದಾರೆ ಅಂತ ಸುಮ್ನೆ ಒಂದಿಬ್ಬರ ಮೇಲೆ ರೇಗಿದೆ. ಸಂಜೆ ಆರಕ್ಕೆ ನೋಡಿದರೆ ಅರ್ಧ ನೆಟ್ಟಗಾಗಿದೆ! ಆಗ ಗೊತ್ತಾಯಿತು, ಇದು ಬಿಸಿಲಿನ ಕೆಲಸ. ಈ ಜಾತಿಯ ಪ್ಲಾಸ್ಟಿಕ್ ಕಬ್ಬಿಣಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. 140 ಅಡಿ ಪೈಪಿನ ಬಿಸಿ 25 ಡಿಗ್ರಿ ಏರಿದರೆ ಅದು ಆರೇಳು ಇಂಚು ಉದ್ದವಾಗುತ್ತದೆ. ಆ ಆರೇಳು ಇಂಚು ಹೋಗೋದೆಲ್ಲಿಗೆ? ಗೂಟದಿಂದ ಗೂಟಕ್ಕೆ ಡೊಂಕಾಗಿ ಎದ್ದು ನಿಲ್ಲುತ್ತದೆ.

ಹಿಗ್ಗಲಿ ಬಿಡಿ, ಸಂಜೆಗೆ ಕುಗ್ಗುತ್ತದಲ್ವಾ ಅಂತ ಸುಮ್ಮನಿದ್ದೆ. ಆದರೆ ಪೈಪು ಎದ್ದಾಗ ಕೆಳಗೆ ಖಡಿ ನುಗ್ಗುತ್ತದೆ. ಸಂಜೆ ಅದು ಇಳಿಯೋಕೆ ಹೋದರೆ ಜಾಗ ಇಲ್ಲ. ಮರುದಿನ ಇನ್ನೊಂದಿಷ್ಟು. ಹೀಗೆ ದಿನಾ ಎದ್ದೂ ಎದ್ದೂ ಮೇ ತಿಂಗಳಲ್ಲಿ ಪೈಪು ಖಡಿಯ ಮೇಲೆ ಆರಾಮಾಗಿ ಮಲಗಿತ್ತು, ಗೂಟಗಳು ಬೇರು ಸಮೇತ ಅನ್ನೋ ಹಾಗೆ ಕಿತ್ತುಬಂದಿದ್ದವು. ಇಪ್ಪತ್ತು ಇಪ್ಪತ್ತು ಅಡಿ ತುಂಡು ಮಾಡಿ ಮಧ್ಯೆ ಸಂದು ಬಿಟ್ಟೆ. ಡೊಂಕು ಕಮ್ಮಿಯಾಯಿತು. ಆದರೆ ಮೂರು ವರ್ಷ ಸುರುಳಿಯಲ್ಲಿದ್ದ ಪೈಪಿಗೆ ಸುರುಳಿಯದೇ ಚಟ, ಪ್ರತಿ ತುಂಡಿನ ತುದಿಯೂ ಸೊಂಡಿಲಿನ ಹಾಗೆ ಮೇಲೆ ಎತ್ತಿಕೊಂಡಿತು. ಕೊನೆಗೆ ವಾಲಿದ ಒಂದು ಗೂಟ ಬೈಕಿನ ಹಿಂದಿನ ಟೈರಿಗೆ ಹೊಕ್ಕಿತು. ಅಣ್ಣಿಗೇರಿ ತನಕ ಗಾಡಿ ತಳ್ಳಿಕೊಂಡು ಹೋದ ದಿನವೇ ಪೈಪಿನ ಆಸೆ ಬಿಟ್ಟೆ.

ಆನ್‌ಲೈನಿನಲ್ಲಿ ಸಿಗುವ, ಅಂಚಿಗೆ ಹುಗಿಯುವ ಪ್ಲಾಸ್ಟಿಕ್ ಪಟ್ಟಿ ತರಿಸಲೇ ಇಲ್ಲ. ಅದೂ ಪ್ಲಾಸ್ಟಿಕ್ಕೇ ತಾನೇ. ರಸ್ತೆ ಅಂಚಿಗೆ ಕೂರಿಸುವ ಸಿಮೆಂಟ್ ಕರ್ಬ್ ಕಲ್ಲು ಚೆನ್ನಾಗಿರುತ್ತದೆ, ಆದರೆ ಸಾಗಣೆ ಬಿಟ್ಟೇ 25,000 ದಾಟುತ್ತಿತ್ತು. ಅಷ್ಟು ದುಡ್ಡಿದ್ದರೆ ದನದ ಕೊಟ್ಟಿಗೆಗೆ ಹೊಸ ತಗಡು ಹಾಕಿಸ್ತೀನಿ.

ಇನ್ನು ಪರಸಿ. ಶಹಾಬಾದಿ ಕಲ್ಲಿನ ಅಂಗಡಿ ಹಿಂದೆ ಮುರಿದ ತುಂಡುಗಳ ಗುಡ್ಡೆ ಇರುತ್ತದೆ, ನೆಲಕ್ಕೆ ಹಾಸೋಕೆ ಬಾರದವು. ಒಂದು ಟ್ರೇಲರ್ ಬಾಡಿಗೆ ಸಮೇತ 3,500ಕ್ಕೆ ಬಂತು. ಗರಸಿಗೆ 1,200. ಇಬ್ಬರು ಆಳು, ಎರಡು ದಿನ, 2,400. ಹತ್ತು ಇಂಚು ಆಳ ಕಾಲುವೆ ತೋಡಿ, ತಳಕ್ಕೆ ಗರಸು ಹಾಕಿ ಬಡಿದು, ಕಲ್ಲು ನಿಲ್ಲಿಸಿ, ಎರಡೂ ಬದಿ ಗರಸು ತುಂಬಿ ಹಾರೆಯ ಹಿಂಬದಿಯಿಂದ ಗುದ್ದಿದೆವು. ಸಿಮೆಂಟು ಒಂದು ಚಮಚೆಯೂ ಇಲ್ಲ. ಕಲ್ಲಿನ ನಡುವೆ ಒಂದು ಬೆರಳು ಸಂದು ಬಿಟ್ಟಿದ್ದೇವೆ, ಮಳೆ ನೀರು ಅಲ್ಲಿಂದ ಹೋಗುತ್ತದೆ. ಖಡಿಯಿಂದ ಮೇಲೆ ಎರಡು ಇಂಚು ಕಂಡರೆ ಸಾಕು. ಜಾಸ್ತಿ ಬಿಟ್ಟರೆ ಟೈರಿಗೆ ಏಟು. ಟ್ರ್ಯಾಕ್ಟರ್ ತಿರುಗುವ ಗೇಟಿನ ಹತ್ತಿರ ಮಾತ್ರ ಖಡಿಯ ಸಮಕ್ಕೆ ಹುಗಿದಿದ್ದೇವೆ.

ಮಣ್ಣು ಉಬ್ಬಿದರೆ ಕಲ್ಲೂ ವಾಲುತ್ತದೆ, ಇಲ್ಲ ಅನ್ನಲ್ಲ. ಆದರೆ ವಾಲಿದ್ದು ಒಂದೇ, ಪಕ್ಕದ್ದನ್ನು ಎಳೆಯಲ್ಲ. ಹೋದ ಯುಗಾದಿ ಆದ ಮೇಲೆ ಎಣಿಸಿದೆ, 11 ಕಲ್ಲು ವಾಲಿದ್ದವು. ಹಾರೆ ಹಾಕಿ ಎತ್ತಿ, ಬಿರುಕಿಗೆ ಗರಸು ಸುರಿದು, ಕಾಲಿನಿಂದ ತುಳಿದೆ. ಒಂದೂವರೆ ತಾಸಿನ ಕೆಲಸ. ಸಂದಿಯಲ್ಲಿ ಕರಕಿ ಹುಲ್ಲು ಬರುತ್ತದೆ. ಅದನ್ನು ಆಡು ನೋಡಿಕೊಳ್ಳುತ್ತದೆ.

ನಾನು ಹುಬ್ಬಳ್ಳಿಯಿಂದ ಭಾನುವಾರ ಮಾತ್ರ ಹೋಗುವವನು, ವರ್ಷಕ್ಕೆ ಒಂದು ಬೆಳಗ್ಗೆ ಇದಕ್ಕೆ ಕೊಡೋಕೆ ಬೇಜಾರಿಲ್ಲ. ಅದೂ ಆಗಲ್ಲ ಅನ್ನುವವರು ಕರ್ಬ್ ಕಲ್ಲಿಗೆ ದುಡ್ಡು ಕೂಡಿಡಿ, ಅದನ್ನೂ ಸಿಮೆಂಟಿಲ್ಲದೆ ಗರಸಿನಲ್ಲೇ ಕೂರಿಸಿ. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಣ್ಣಿನಲ್ಲಿ ಮನೆ ಇದ್ದರೆ ಇಟ್ಟಿಗೆಯೇ ಸಾಕು. ಬೇಕಾದರೆ ನನ್ನ ಹತ್ತಿರ 400 ಇವೆ, ಸಿಮೆಂಟು ಕೆರೆದುಕೊಂಡು ಒಯ್ಯಿರಿ.