ರಿಪೀಟರ್, ಡಾಂಗಲ್, ವೈರು: ಮಹಡಿ ಮೇಲಿನ ಕಂಪ್ಯೂಟರಿಗೆ ಯಾವುದು ಸರಿಹೋಯಿತು?

ತಿಂಗಳ 20ನೇ ತಾರೀಖು ಅಂದರೆ ನಮ್ಮ ಮನೆಯಲ್ಲಿ ಹಬ್ಬವೂ ಅಲ್ಲ, ತಿಥಿಯೂ ಅಲ್ಲ. ಆದರೆ ಎರಡಕ್ಕೂ ಸಾಕಾಗುವಷ್ಟು ಗಡಿಬಿಡಿ. ಜಿಎಸ್‌ಟಿ ತೆರಿಗೆಯ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯನ್ನು ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಅದೇ ಕೊನೆ ದಿನ. ನಾನು ರಿಟರ್ನ್ ತುಂಬಿಕೊಡುವ ಗಿರಾಕಿಗಳಲ್ಲಿ ಹೆಚ್ಚಿನವರು ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸಣ್ಣ ಅಂಗಡಿಯವರು. ಅವರು ಬಿಲ್ಲು ಕಳಿಸುವುದೇ 18 ದಾಟಿದ ಮೇಲೆ. ಅವತ್ತು ಸಂಜೆ ಏಳೂವರೆಗೆ ಒಂದು ರಿಟರ್ನ್ ಅರ್ಧ ತುಂಬಿಸಿದ್ದೆ. ಪರದೆ ಮೇಲೆ ಚಕ್ರ ತಿರುಗಲು ಶುರುವಾಯಿತು. ಓಟಿಪಿ ಫೋನಿಗೆ ಬಂತು, ಅದನ್ನು ಹಾಕುವ ಪುಟ ಮಾತ್ರ ಬರಲಿಲ್ಲ. ಮೂಲೆಯಲ್ಲಿ ವೈಫೈ ಗುರುತು ಏನೂ ಆಗದವರ ಹಾಗೆ ಕೂತಿತ್ತು.

ನಮ್ಮದು ಶ್ರೀನಗರದಲ್ಲಿ ಟ್ವೆಂಟಿ ಥರ್ಟಿ ಸೈಟಿನ ಮನೆ. ಪಕ್ಕದವರ ಗೋಡೆಗೂ ನಮ್ಮ ಗೋಡೆಗೂ ನಡುವೆ ಒಂದು ಕೈ ತೂರಿಸುವಷ್ಟು ಜಾಗ. ರೌಟರ್ ಇರುವುದು ಕೆಳಗೆ ಹಾಲಿನ ಶೋಕೇಸಿನಲ್ಲಿ, ಟಿವಿ ಹಿಂದೆ. ಫೈಬರ್ ಹಾಕಲು ಬಂದ ಹುಡುಗ ಅಲ್ಲಿಟ್ಟ, ಅಲ್ಲೇ ಉಳಿಯಿತು. ನನ್ನ ಕಂಪ್ಯೂಟರ್ ಮಹಡಿ ಮೇಲೆ, ಹಿಂದಿನ ರೂಮಿನಲ್ಲಿ. ಲೆಕ್ಕ ಹಾಕಿದರೆ ಹತ್ತು ಮೀಟರ್ ದೂರ ಅಷ್ಟೇ. ಆದರೆ ಮಧ್ಯೆ ಒಂದು ಆರ್‌ಸಿಸಿ ಛಾವಣಿ, ಎರಡು ಒಂಬತ್ತಿಂಚಿನ ಗೋಡೆ, ಒಂದು ಕಬ್ಬಿಣದ ಬೀರು.

ಮನೆಯಲ್ಲಿ ಮೂವರದು ಮೂರು ಸಲಹೆ. ನಮ್ಮ ಯಜಮಾನರು "ದೊಡ್ಡ ಪ್ಲಾನ್ ತಗೋ" ಅಂದರು. ಮೈದುನ "ಅತ್ತಿಗೆ, ಒಂದು ರಿಪೀಟರ್ ಹಾಕಿ, ಮುಗೀತು" ಅಂದ. ರೌಟರಿನ ವೈಫೈಯನ್ನು ಹಿಡಿದು ಮುಂದಕ್ಕೆ ದಾಟಿಸುವ ಡಬ್ಬಿ ಅದು. ಅತ್ತೆ "ಆ ಡಬ್ಬಾನ ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ" ಅಂದರು. ನಿಜ ಹೇಳಬೇಕೆಂದರೆ ಮೂರರಲ್ಲಿ ಆ ಸಂಜೆ ಕೆಲಸಕ್ಕೆ ಬಂದದ್ದು ಅತ್ತೆಯ ಸಲಹೆಯೇ. ಹತ್ತು ನಿಮಿಷದ ಮಟ್ಟಿಗೆ.

ಅದಕ್ಕೂ ಹಿಂದಿನ ತಿಂಗಳು ನಾನು ನೆಟ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಚೆನ್ನಾಗಿ ಬೈದಿದ್ದೆ. ಹುಡುಗನೊಬ್ಬ ಬಂದು, ತನ್ನ ಲ್ಯಾಪ್‌ಟಾಪನ್ನು ರೌಟರಿಗೆ ವೈರಿನಲ್ಲಿ ಚುಚ್ಚಿ, ನಮ್ಮ ಪ್ಲಾನಿನ ಪೂರ್ತಿ 200 ಎಂಬಿಪಿಎಸ್ ವೇಗ ತೋರಿಸಿ, "ಮೇಡಂ, ನಮ್ಮ ಕಡೆ ಸರಿ ಇದೆ" ಅಂತ ಹೇಳಿ ಹೋದ. ತಪ್ಪಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ. ಅವನು ಹೇಳಿದ್ದು ಸರಿಯಾಗಿಯೇ ಇತ್ತು ಅಂತ ನನಗೆ ಗೊತ್ತಾದದ್ದು ಆಮೇಲೆ, ಪಿಂಗ್ ಮಾಡಿ, ಅಂದರೆ ಕಂಪ್ಯೂಟರಿನಿಂದ ರೌಟರಿಗೆ ಕೂಗು ಹಾಕಿ ಉತ್ತರ ಎಷ್ಟು ಹೊತ್ತಿಗೆ ಬರುತ್ತದೆ ಅಂತ ನೋಡಿದಾಗ.

ಇದನ್ನು ಯಾರು ಬೇಕಾದರೂ ಮಾಡಬಹುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಪಿಂಗ್' (ping) ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು ರೌಟರಿನ ವಿಳಾಸ ಕೊಡಬೇಕು. ನಮ್ಮದು 192.168.1.1. ನಿಮ್ಮದು ಬೇರೆ ಇರಬಹುದು, ಐಪಿಕಾನ್ಫಿಗ್ (ipconfig) ಅಂತ ಹೊಡೆದರೆ ಡೀಫಾಲ್ಟ್ ಗೇಟ್‌ವೇ ಅನ್ನುವ ಸಾಲಿನಲ್ಲಿ ಸಿಗುತ್ತದೆ. ಮನೆಯೊಳಗಿನ ರೌಟರ್ ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರ ಕೊಡಬೇಕು. ನನಗೆ ಬಂದದ್ದು 210, 460, ಆಮೇಲೆ 'ರಿಕ್ವೆಸ್ಟ್ ಟೈಮ್ಡ್ ಔಟ್'. ಅಂದರೆ ನನ್ನ ಕೂಗು ಮನೆ ಬಾಗಿಲೇ ದಾಟುತ್ತಿರಲಿಲ್ಲ. ರೌಟರ್ ತನಕ ಸರಿ ಇದ್ದು, ಆಮೇಲೆ ಹೊರಗಿರುವ ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಮಾಡಿದಾಗ ಮಾತ್ರ ಒದ್ದಾಡಿದರೆ ಆಗ ಕಂಪನಿಯವರನ್ನು ಕೇಳಬಹುದು. ರೌಟರ್ ಡಬ್ಬಿಯ ಮೇಲೆ ಎಲ್‌ಓಎಸ್ ಅನ್ನುವ ದೀಪ ಕೆಂಪಗೆ ಉರಿದರೆ ಪಿಂಗ್ ಕೂಡ ಬೇಡ, ಫೈಬರಿನ ಸಿಗ್ನಲ್ ಬರುತ್ತಿಲ್ಲ ಅಂತ ಅರ್ಥ, ಎಲ್ಲೋ ತುಂಡಾಗಿರಬಹುದು. ಈ ಊರಿನಲ್ಲಿ ಕೇಬಲ್ಲುಗಳೆಲ್ಲ ಮರದಿಂದ ಮರಕ್ಕೆ ಜೋತಾಡುತ್ತವೆ. ಏಪ್ರಿಲ್ ಮಳೆಗೆ ಒಂದು ಕೊಂಬೆ ಬಿದ್ದರೆ ಬೀದಿಗೆ ಬೀದಿಯೇ ಮೌನ.

ಇನ್ನೊಂದು ಪರೀಕ್ಷೆ ನನ್ನ ದುಡ್ಡು ಉಳಿಸಿತು. ಆಂಡ್ರಾಯ್ಡ್ ಫೋನನ್ನು ಮನೆಯ ವೈಫೈಗೆ ಸೇರಿಸಿ, ಡೇಟಾ ಆಫ್ ಮಾಡಿ, ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ಚುಚ್ಚಿ, ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದೆ. ಆಗ ಫೋನೇ ಕಂಪ್ಯೂಟರಿನ ವೈಫೈ ಕಾರ್ಡಿನ ಕೆಲಸ ಮಾಡುತ್ತದೆ. ಅದೇ ಮೇಜು, ಅದೇ ಕುರ್ಚಿ. ಫೋನಿನ ಮೂಲಕ 28 ಎಂಬಿಪಿಎಸ್ ಬಂತು. ಕಂಪ್ಯೂಟರಿನ ಸ್ವಂತ ಡಾಂಗಲ್ಲಿನಲ್ಲಿ, ಅಂದರೆ ವೈಫೈ ಹಿಡಿಯಲು ಅದಕ್ಕೆ ಚುಚ್ಚಿರುವ ಪುಟ್ಟ ಯುಎಸ್‌ಬಿ ಸಾಧನದಲ್ಲಿ, 5. ಗೋಡೆಯದು ಅರ್ಧ ತಪ್ಪಾದರೆ ಇನ್ನರ್ಧ ನನ್ನ ಕಂಪ್ಯೂಟರ್ ಡಬ್ಬಿಯದೇ.

ಆ ಡಬ್ಬಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಜೋಡಿಸಿ ತಂದದ್ದು. ಅದರೊಳಗೆ ವೈಫೈ ಇಲ್ಲ. ಉಗುರಿನಷ್ಟಗಲದ ಒಂದು ಡಾಂಗಲ್ ಹಿಂದುಗಡೆ ನೀಲಿ ಯುಎಸ್‌ಬಿ 3 ಕಿಂಡಿಯಲ್ಲಿ ಕೂತಿತ್ತು. ಪಕ್ಕದ ಕಿಂಡಿಯಲ್ಲಿ ಬ್ಯಾಕಪ್ಪಿನ ಹಾರ್ಡ್ ಡಿಸ್ಕ್. ಯುಎಸ್‌ಬಿ 3 ಸಾಧನಗಳು ಕೆಲಸ ಮಾಡುವಾಗ ವೈಫೈ ಓಡಾಡುವ 2.4 ಗಿಗಾಹರ್ಟ್ಜ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತವೆ ಅಂತ ಇಂಟೆಲ್ 2012ರಲ್ಲೇ ಬರೆದಿತ್ತು. ಡಾಂಗಲ್ ಆ ಗದ್ದಲದ ಮಗ್ಗುಲಲ್ಲೇ, ಕಬ್ಬಿಣದ ಕ್ಯಾಬಿನೆಟ್ಟಿಗೆ ಬೆನ್ನು ಕೊಟ್ಟು, ಮೇಜಿನ ಕೆಳಗೆ ಕೂತು ರೌಟರಿನ ಪಿಸುಮಾತು ಕೇಳಬೇಕಿತ್ತು. ಪಾಪ.

ನೂರು ರೂಪಾಯಿಯ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲ್ಲನ್ನು ಮೇಜಿನ ಮೇಲಕ್ಕೆ ಎತ್ತಿದೆ. 5 ಇದ್ದದ್ದು 17 ಆಯಿತು. ನಾನು ಮಾಡಿದ ಎಲ್ಲ ಖರ್ಚಿನಲ್ಲಿ ರೂಪಾಯಿಗೆ ಇಷ್ಟು ಲಾಭ ಕೊಟ್ಟದ್ದು ಇನ್ನೊಂದಿಲ್ಲ.

ವಿಂಡೋಸ್ ಕಡೆ ಒಂದೇ ಕೆಲಸ ಮಾಡಿದೆ. ಡಿವೈಸ್ ಮ್ಯಾನೇಜರಿನಲ್ಲಿ ಡಾಂಗಲ್ಲಿನ ಪವರ್ ಮ್ಯಾನೇಜ್‌ಮೆಂಟಿಗೆ ಹೋಗಿ, ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆದೆ. ಊಟ ಮುಗಿಸಿ ಬರುವಷ್ಟರಲ್ಲಿ ಸಂಪರ್ಕ ಕಡಿದಿರುತ್ತಿದ್ದ ಕಾಟ ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಮೈದುನನ ಮಾತು ಕೇಳಿ 1,500 ರೂಪಾಯಿಯ ರಿಪೀಟರ್ ಬಂದಾಗಿತ್ತು. ಮೊದಲು ಅದನ್ನು ನನ್ನ ರೂಮಿನಲ್ಲೇ ಹಾಕಿದೆ. ವೈಫೈ ಗುರುತಿನ ಗೆರೆಗಳು ಪೂರ್ತಿ ತುಂಬಿದವು! ಸ್ಪೀಡ್ 8. ಆ ಗೆರೆಗಳು ತೋರಿಸುವುದು ರಿಪೀಟರಿಗೂ ಕಂಪ್ಯೂಟರಿಗೂ ಇರುವ ಸ್ನೇಹವನ್ನು. ರಿಪೀಟರಿಗೂ ರೌಟರಿಗೂ ನಡುವೆ ಏನು ನಡೆದಿದೆ ಅಂತ ಅವು ಹೇಳುವುದಿಲ್ಲ. ಸಿಗ್ನಲ್ ಇನ್ನೂ ಗಟ್ಟಿ ಇರುವ ನಡುದಾರಿಯಲ್ಲಿ ಅದನ್ನು ಹಾಕಬೇಕು. ಮೆಟ್ಟಿಲ ಹತ್ತಿರದ ಪ್ಲಗ್ಗಿಗೆ ಹಾಕಿದಾಗ 16ರ ಆಸುಪಾಸು ಬಂತು. ಅಂದರೆ ನೂರು ರೂಪಾಯಿಯ ವೈರು ಕೊಟ್ಟಷ್ಟೂ ಇಲ್ಲ. ಅಗ್ಗದ ರಿಪೀಟರಿಗೆ ಇರುವುದು ಒಂದೇ ರೇಡಿಯೋ. ಒಂದು ಕಡೆಯಿಂದ ಕೇಳಿಸಿಕೊಂಡು, ಆಮೇಲೆ ಇನ್ನೊಂದು ಕಡೆಗೆ ಹೇಳಬೇಕು. ಎರಡನ್ನೂ ಒಟ್ಟಿಗೆ ಮಾಡಲಾರದು. ಸ್ಪೀಡ್ ಅರ್ಧ ಅಲ್ಲೇ ಹೋಗುತ್ತದೆ. ಫೋನಿನಲ್ಲಿ ಸೀರಿಯಲ್ ನೋಡುವವರಿಗೆ ಇದು ಸಾಕು. ನನ್ನ ಕೆಲಸಕ್ಕೆ ಇದನ್ನು ಯಾರಿಗೂ ಹೇಳಲಾರೆ. ಮೈದುನನಿಗೆ ಇನ್ನೂ ಈ ವಿಷಯ ಹೇಳಿಲ್ಲ.

ರೌಟರ್ ಜಾಗ ಬದಲಿಸುವುದು ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು. ಟಿವಿ ಹಿಂದೆ ಅಂದರೆ ಲೋಹದ ತಟ್ಟೆಯ ಹಿಂದೆ ಅಂತ ಹೊಳೆಯಲೇ ಇಲ್ಲ. ಪುಣ್ಯಕ್ಕೆ ಫೈಬರ್ ಹುಡುಗ ಎರಡು ಮೂರು ಮೀಟರ್ ಜಾಸ್ತಿ ಸುತ್ತಿ ಬಿಟ್ಟುಹೋಗಿದ್ದ. ಮೆಲ್ಲಗೆ ಬಿಚ್ಚಿ, ರೌಟರನ್ನು ಮೆಟ್ಟಿಲ ಬುಡದ ಗೋಡೆಗೆ, ತಲೆಗಿಂತ ಎತ್ತರಕ್ಕೆ ತಂದೆ. ಫೈಬರನ್ನು ಚೂಪಾಗಿ ಮಡಚಬಾರದು. ಒಳಗೆ ಹರಿಯುವುದು ಬೆಳಕು, ಮಡಿಕೆಯಲ್ಲಿ ಸೋರುತ್ತದೆ. ಹೀಗೆ ಮಾಡಿದ ಮೇಲೆ ಹಳೆಯ ಡಾಂಗಲ್ಲಿನಲ್ಲೇ 30 ದಾಟಿತು. ಮೆಟ್ಟಿಲಿಗೆ ಬಾಗಿಲಿಲ್ಲ, ಛಾವಣಿಯೂ ಇಲ್ಲ. ಸಿಗ್ನಲ್ಲೂ ನಮ್ಮ ಹಾಗೆಯೇ ಮೆಟ್ಟಿಲು ಹತ್ತಿ ಬರುತ್ತದೆ ಅಲ್ವಾ?

ಆದರೂ ಸಂಜೆ ಏಳರಿಂದ ಹತ್ತರವರೆಗೆ ಮತ್ತೆ ಎಳೆದಾಟ. ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿದರೆ ನನ್ನ ರೂಮಿನಿಂದ 23 ಮನೆಗಳ ವೈಫೈ ಕಾಣಿಸಿತು. 2.4 ಗಿಗಾಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಮೂರು ಬೆಂಚಿಗೆ 23 ಜನ. ಬ್ಲೂಟೂತ್ ಇರುವುದೂ ಅಲ್ಲೇ, ಅಕ್ಕಪಕ್ಕದ ಅಡುಗೆಮನೆಯ ಮೈಕ್ರೋವೇವ್ ಓವನ್ ಗುನುಗುವುದೂ ಅಲ್ಲೇ. ರೌಟರಿನ ಸೆಟಿಂಗಿನಲ್ಲಿ 6ರಿಂದ 11ಕ್ಕೆ ಬದಲಿಸಿ, ಅಗಲವನ್ನು 40 ಮೆಗಾಹರ್ಟ್ಜ್‌ನಿಂದ 20ಕ್ಕೆ ಇಳಿಸಿದೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಪಕ್ಕದವರ ರೌಟರೂ ಅದೇ ಚಾನೆಲ್ಲಿಗೆ ಬಂತು.

ವೈಫೈ ಓಡಾಡುವ ಇನ್ನೊಂದು ದಾರಿ 5 ಗಿಗಾಹರ್ಟ್ಜ್. ಅಲ್ಲಿ ಜಾಗ ಧಾರಾಳ. 2018ರಲ್ಲಿ ಸರ್ಕಾರ ಅದರ ಇನ್ನಷ್ಟು ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ತೊಂದರೆ ಅಂದರೆ ಅದಕ್ಕೆ ಗೋಡೆ ದಾಟುವ ಶಕ್ತಿ ಕಡಿಮೆ. ನನ್ನ ಹಳೆಯ ಡಾಂಗಲ್ಲಿಗೆ ಆ ಹೆಸರೇ ಕಾಣುತ್ತಿರಲಿಲ್ಲ, ಅದು 2.4 ಮಾತ್ರ ಬಲ್ಲದು. ಹಾಗಾಗಿ 1,300 ಕೊಟ್ಟು ಎರಡೂ ಹಿಡಿಯುವ, ಉದ್ದ ಆಂಟೆನಾದ ಡಾಂಗಲ್ ತಂದೆ. ರೂಮಿನ ಬಾಗಿಲು ತೆರೆದಿದ್ದರೆ 5 ಗಿಗಾಹರ್ಟ್ಜ್‌ನಲ್ಲಿ 80, ಹಾಕಿದರೆ 55. ಬೀರು ಸರಿಸಿದ್ದರೆ ಇನ್ನೂ ಬರುತ್ತಿತ್ತೋ ಏನೋ, ಅದರ ತುಂಬ ಅತ್ತೆಯ ರೇಷ್ಮೆ ಸೀರೆಗಳು. ಬಾಡಿಗೆ ಮನೆಯಲ್ಲಿದ್ದು ಗೋಡೆ ಮುಟ್ಟುವಂತಿಲ್ಲ ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ನಾನೂ ನಿಲ್ಲಿಸುತ್ತಿದ್ದೆ, ಮನೆ ಸ್ವಂತದ್ದಲ್ಲದಿದ್ದರೆ.

ಪವರ್‌ಲೈನ್ ಅಡಾಪ್ಟರನ್ನು ಗೆಳತಿಯಿಂದ ಎರವಲು ತಂದು ನೋಡಿದೆ. ಮನೆಯ ಕರೆಂಟ್ ವೈರಿನಲ್ಲೇ ನೆಟ್ ಕಳಿಸುವ ಜೋಡಿ ಅದು. ಯೋಚನೆ ಚೆನ್ನಾಗಿದೆ. ಆದರೆ ಎರಡೂ ಪ್ಲಗ್ಗು ಒಂದೇ ಫೇಸಿನಲ್ಲಿ ಇರಬೇಕು. ನಮ್ಮಲ್ಲಿ ಕೆಳಗಿನ ಮನೆ ಒಂದು ಫೇಸು, ಮಹಡಿ ಇನ್ನೊಂದು. ಒಂದನ್ನೊಂದು ಗುರುತೇ ಹಿಡಿಯಲಿಲ್ಲ. ಮಹಡಿ ಮೇಲೆಯೇ ಎರಡು ರೂಮಿನ ನಡುವೆ ಹಾಕಿದಾಗ ಕೆಲಸ ಮಾಡಿತು, ಮಿಕ್ಸಿ ತಿರುಗುವವರೆಗೆ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಚುಚ್ಚಿದರೆ ಇನ್ನೂ ಕಷ್ಟ. ವಾಪಸ್ ಕೊಟ್ಟೆ.

ಮೆಶ್, ಅಂದರೆ ಹಲವು ಡಬ್ಬಿಗಳು ಸೇರಿ ಒಂದೇ ವೈಫೈ ಹರಡುವ ಏರ್ಪಾಡು, ಅದೂ ಆ ಗೆಳತಿಯದೇ, ಎರಡು ಡಬ್ಬಿಯದು. ಒಂದು ಭಾನುವಾರ ಇಟ್ಟು ನೋಡಿದೆ. 110 ಬಂತು. ಫೋನ್ ಹಿಡಿದು ಹಾಲಿನಿಂದ ತಾರಸಿಗೆ ಹೋದರೂ ಕರೆ ಕಡಿಯಲಿಲ್ಲ. ಇಡೀ ಮನೆಗೆ ಬೇಕು ಅನ್ನುವವರಿಗೆ ಇದೇ ಒಳ್ಳೆಯದು. ಒಂದು ಕಡೆ ಅಲ್ಲಾಡದೆ ಕೂತಿರುವ ಒಂದೇ ಕಂಪ್ಯೂಟರಿಗೆ ಆರೇಳು ಸಾವಿರ ಸುರಿಯುವುದು ನನ್ನ ಲೆಕ್ಕದ ಪುಸ್ತಕಕ್ಕೆ ಒಗ್ಗಲಿಲ್ಲ.

ಕೊನೆಗೆ ವೈರು. "ಗೋಡೆ ಕೊರೆಸಬೇಡಮ್ಮ, ಮೊನ್ನೆ ಬಣ್ಣ ಹೊಡೆಸಿದ್ದೀವಿ" ಅಂತ ಅತ್ತೆ ಮೊದಲೇ ತಡೆ ಹಾಕಿದ್ದರು. ಆದರೆ ತೂತು ಆಗಲೇ ಇತ್ತು! ಹಿಂದೆ ತಾರಸಿ ಡಿಶ್ಶಿನಿಂದ ಟಿವಿಗೆ ಇಳಿದಿದ್ದ ಕೇಬಲ್ಲಿನ ದಾರಿ ಹಾಗೇ ಉಳಿದಿತ್ತು. ಎಸ್‌ಪಿ ರೋಡಿಗೆ ಹೋಗಿ ಹೊರಗೆ ಹಾಕುವಂಥ ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ 25 ಮೀಟರ್ ಕೇಳಿದೆ. ಅಂಗಡಿಯವರು ಎರಡು ಸುರುಳಿ ಇಟ್ಟರು. ನೋಡಲು ಒಂದೇ ಥರ, ಬೆಲೆ ಮಾತ್ರ ಹೆಚ್ಚು ಕಡಿಮೆ ದುಪ್ಪಟ್ಟು. ಅಗ್ಗದ್ದರಲ್ಲಿ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ, ನಾಲ್ಕು ಸಲ ಬಗ್ಗಿಸಿದರೆ ಮುರಿಯುತ್ತದೆ. ಅಪ್ಪಟ ತಾಮ್ರದ್ದೇ ತಂದೆ. ಇಂಥ ಕೇಬಲ್ಲಿನಲ್ಲಿ 100 ಮೀಟರಿನವರೆಗೆ 1 ಗಿಗಾಬಿಟ್ ಹೋಗುತ್ತದೆ, ನನ್ನ 25 ಮೀಟರ್ ಏನೇನೂ ಅಲ್ಲ.

ಬೀದಿಯ ಕೇಬಲ್ ಹುಡುಗ ಎರಡು ತುದಿಗೂ ಆರ್‌ಜೆ45 ಅನ್ನುವ ಪ್ಲಗ್ಗನ್ನು ಒತ್ತಿ ಕೂರಿಸಿ (ಕ್ರಿಂಪ್ ಮಾಡಿ) ಕೊಟ್ಟ. ಚುಚ್ಚಿ ನೋಡಿದರೆ 94. ಯಜಮಾನರು ಭೇಷ್ ಅಂದರು. ನನಗೆ ಸಮಾಧಾನ ಆಗಲಿಲ್ಲ. 200ರ ಪ್ಲಾನಿನಲ್ಲಿ 94 ಅಂದರೆ ಅದೊಂದು ಸುಳಿವು. ಕೇಬಲ್ಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಜೋಡಿ ಸರಿಯಾಗಿ ಕೂರದಿದ್ದರೆ ಎರಡೂ ಕಡೆಯವರು ಮಾತಾಡಿಕೊಂಡು 100ಕ್ಕೆ ಇಳಿಯುತ್ತಾರೆ, ಯಾರಿಗೂ ಹೇಳುವುದಿಲ್ಲ. ಹುಡುಗ ಒಂದು ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದ. 196. ರೌಟರಿಗೆ ಪಿಂಗ್ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಸಂಜೆ ಏಳಕ್ಕೂ ಅಷ್ಟೇ, ಬೆಳಗಿನ ನಾಲ್ಕಕ್ಕೂ ಅಷ್ಟೇ. ಕೇಬಲ್, ಕೂಲಿ ಎಲ್ಲ ಸೇರಿ ರಿಪೀಟರಿನ ಬೆಲೆಗಿಂತ ಸ್ವಲ್ಪ ಕಡಿಮೆಯೇ ಆಯಿತು ಅನ್ನುವುದು ಹೊಟ್ಟೆ ಉರಿಸುವ ಸಂಗತಿ.

ಗುಡುಗು ಮಿಂಚು ಬಂದಾಗ ಈ ವೈರನ್ನು ಕಿತ್ತಿಡುತ್ತೇನೆ, ಗೋಡೆ ಹೊರಗೆ ಹೋಗಿರುವುದರಿಂದ. ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್‌ನಲ್ಲಿ ಉಳಿದು ಕೆಳಗಿನ ರೌಟರ್ ಸಾಯುತ್ತಿತ್ತು. ಅದಕ್ಕೊಂದು 12 ವೋಲ್ಟಿನ ಪುಟ್ಟ ಯುಪಿಎಸ್ ಬಂತು. ಕೊಳ್ಳುವಾಗ ರೌಟರ್ ಅಡಾಪ್ಟರಿನ ಮೇಲಿರುವ ವೋಲ್ಟು, ಆಂಪ್ಸು ನೋಡಿಕೊಳ್ಳಿ. 20ನೇ ತಾರೀಖಿಗೆ ಮಾತ್ರ ಫೋನಿನ ಯುಎಸ್‌ಬಿ ವೈರ್ ಇನ್ನೂ ಮೇಜಿನ ಮೇಲೇ ಇರುತ್ತದೆ, ಫೈಬರೇ ತುಂಡಾದರೆ ಬೇಕಾಗುತ್ತದೆ.

ರಿಪೀಟರ್ ಈಗ ಅತ್ತೆಯ ರೂಮಿನಲ್ಲಿದೆ, ಅವರ ಸೀರಿಯಲ್ಲಿಗೆ ತೊಂದರೆಯಿಲ್ಲ. ತೊಂದರೆ ಇರುವುದು ವೈರಿಗೆ. ಬಾಲ್ಕನಿ ಉದ್ದಕ್ಕೂ ಅದು ಸ್ವಲ್ಪ ಜೋತು ಬಿದ್ದಿದೆ. ಮೊನ್ನೆ ಇದ್ದಕ್ಕಿದ್ದ ಹಾಗೆ ನೆಟ್ ನಿಂತಿತು. ಪಿಂಗ್ ಮಾಡುವ ಮೊದಲು ಹೊರಗೆ ಬಂದು ನೋಡಿದೆ. ವೈರಿನ ಮೇಲೆ ಎರಡು ಒದ್ದೆ ಟವೆಲ್ ಒಣಗುತ್ತಿದ್ದವು.