ಎಂಟು ಗೆಳೆಯರಿಗೊಂದು ಕ್ಯಾಟಮರಾನ್: ಬ್ರಿಟಿಷ್ ವರ್ಜಿನ್ ದ್ವೀಪಗಳ ಬಾಡಿಗೆ ಹಾಯಿದೋಣಿ

ಬೇರ್‌ಬೋಟ್ ಎಂದರೆ ದೋಣಿ ಕಂಪನಿಯದು, ನಡೆಸುವ ಹೊಣೆ ನಿಮ್ಮದು. ಕೆರಿಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಈ ಬಾಡಿಗೆ ದಂಧೆ ಚೆನ್ನಾಗಿ ಬೇರೂರಿದೆ, ಅದಕ್ಕೆ ಕಾರಣವೂ ಇದೆ. ಟೊರ್ಟೋಲಾಕ್ಕೂ ಅದರ ದಕ್ಷಿಣಕ್ಕೆ ಸಾಲಾಗಿ ನಿಂತ ಪುಟ್ಟ ದ್ವೀಪಗಳಿಗೂ ನಡುವೆ ಸರ್ ಫ್ರಾನ್ಸಿಸ್ ಡ್ರೇಕ್ ಕಾಲುವೆ ಇದೆ. ಹೊರಸಾಗರದ ದೊಡ್ಡ ಅಲೆ ಬಹುಮಟ್ಟಿಗೆ ಅಲ್ಲಿಗೆ ಬರುವುದಿಲ್ಲ. ಉಬ್ಬರವಿಳಿತದ ವ್ಯತ್ಯಾಸ ಅರ್ಧ ಮೀಟರಿಗೂ ಕಡಿಮೆ. ಮುಂದಿನ ತಂಗುದಾಣ ಹೆಚ್ಚಾಗಿ ಕಣ್ಣಳತೆಯಲ್ಲೇ ಇರುತ್ತದೆ. ಗುಂಪಿನಲ್ಲಿ ಹಾಯಿ ಬಲ್ಲವರು ಇಬ್ಬರಿದ್ದರೆ ಧೈರ್ಯವಾಗಿ ಹೊರಡಬಹುದು. ಒಬ್ಬರೇ ಇದ್ದರೆ ದೋಣಿ ನಡೆಸಲು ಸಂಬಳದ ಸ್ಕಿಪ್ಪರ್ ಇಟ್ಟುಕೊಳ್ಳುವುದು ಮೇಲು. ಆದರೆ ಆತನಿಗೂ ಒಂದು ಕ್ಯಾಬಿನ್ ಬೇಕು, ಊಟ ಬೇಕು. ನಾಲ್ಕು ಕ್ಯಾಬಿನ್ ದೋಣಿಯಾದರೆ ಆಗ ನೀವು ಆರೇ ಜನ.

ಕ್ಯಾಟಮರಾನ್ ಎಂದರೆ ಜೋಡಿ ಒಡಲಿನ ದೋಣಿ. 45 ಅಡಿಯದು ವಾಲುವುದಿಲ್ಲ, ಟೇಬಲ್ ಮೇಲಿಟ್ಟ ಲೋಟ ಅಲ್ಲೇ ಇರುತ್ತದೆ. ಆದರೆ ಎದುರುಗಾಳಿಗೆ ಅದು ಮೊಂಡು ಎತ್ತು. ಇಲ್ಲಿನ ವಾಣಿಜ್ಯ ಮಾರುತ ಪೂರ್ವದಿಂದ 15ರಿಂದ 20 ನಾಟ್ ವೇಗದಲ್ಲಿ ಬೀಸುತ್ತದೆ, ಡಿಸೆಂಬರ್-ಜನವರಿಯಲ್ಲಿ ಕೆಲ ದಿನ ಇನ್ನೂ ಜೋರು. ಹಾಗಾಗಿ ಮೊದಲ ರಾತ್ರಿ ಹತ್ತಿರದ ನಾರ್ಮನ್ ದ್ವೀಪ, ಆಮೇಲೆ ಕೂಪರ್, ಅಲ್ಲಿಂದ ವರ್ಜಿನ್ ಗೋರ್ಡಾ ಎಂದು ಎದುರುಗಾಳಿಯ ಶ್ರಮವನ್ನು ವಾರದ ಮೊದಲರ್ಧದಲ್ಲೇ ಮುಗಿಸಿಬಿಡಿ. ಆಮೇಲೆ ಪಶ್ಚಿಮದ ಯೋಸ್ಟ್ ವಾನ್ ಡೈಕ್ ದ್ವೀಪದ ಕಡೆಗೆ ಬರುವಾಗ ಗಾಳಿ ಬೆನ್ನಿಗಿರುತ್ತದೆ. ಇನ್ನೊಂದು ಮಾತು: ಒಂಟಿ ಒಡಲಿನ ದೋಣಿ ಗಾಳಿ ಹೆಚ್ಚಾದರೆ ವಾಲಿ ಎಚ್ಚರಿಸುತ್ತದೆ, ಕ್ಯಾಟಮರಾನ್ ಎಚ್ಚರಿಸುವುದಿಲ್ಲ. ಗಾಳಿಮಾಪಕ 18 ದಾಟುತ್ತಿದ್ದಂತೆ ಮೊದಲ ರೀಫ್ ಹಾಕಿ, ಅಂದರೆ ಹಾಯಿ ಕಿರಿದು ಮಾಡಿ. ಕೈಪಿಡಿಯಲ್ಲಿ ಅದಕ್ಕಿಂತ ಕಡಿಮೆ ಅಂಕಿ ಇದ್ದರೆ ಅದೇ ಅಂತಿಮ.

ದೋಣಿ ಒಪ್ಪಿಸುವ ದಿನ ಕಂಪನಿಯವರ ವಿವರಣೆ ಬೇಗ ಮುಗಿಯುತ್ತದೆ, ನಿಮ್ಮ ತಪಾಸಣೆ ಅಲ್ಲಿಗೆ ಮುಗಿಯಬಾರದು. ದಡಕ್ಕೆ ಹೋಗಿಬರುವ ಪುಟ್ಟ ದೋಣಿ ಡಿಂಗಿಯ ಎಂಜಿನ್ ಚಾಲೂ ಮಾಡಿ, ಕಿಲ್ ಕಾರ್ಡ್ ಎಳೆದರೆ ಅದು ನಿಲ್ಲುತ್ತದೆಯೇ ನೋಡಿ. ಲಂಗರು ಎತ್ತುವ ಯಂತ್ರ ವಿಂಡ್‌ಲಾಸ್‌ನಿಂದ ಲಂಗರನ್ನು ಇಳಿಸಿ ಏರಿಸಿ. ಒಡಲಿನ ಹಳೆಯ ಗೀರುಗಳ ಫೋಟೊ ತೆಗೆದಿಡಿ, ಠೇವಣಿ ವಾಪಸಾತಿಯ ಜಗಳ ಅಲ್ಲೇ ಹುಟ್ಟುವುದು. ಪ್ರತಿ ಟಾಯ್ಲೆಟ್ಟನ್ನೂ ಪಂಪ್ ಮಾಡಿ ನೋಡಿ. ಅದರ ಕೊಳವೆ ಸುಮಾರು 38 ಮಿಲಿಮೀಟರ್ ಅಗಲದ್ದು, ದಾರಿಯುದ್ದಕ್ಕೂ ತಿರುವುಗಳು. ಕಾಗದ ಹಾಕಿದರೆ ಕಟ್ಟಿಕೊಂಡಿತೆಂದೇ ಲೆಕ್ಕ. ಕಾಗದಕ್ಕೆ ಚೀಲ ಬೇರೆ ಇಡಿ, ಇದನ್ನು ಮೊದಲ ದಿನವೇ ಎಲ್ಲರಿಗೂ ಮುಲಾಜಿಲ್ಲದೆ ಹೇಳಿ.

ನೀರಿನ ಲೆಕ್ಕ ಸರಳ. ಟ್ಯಾಂಕು 800 ಲೀಟರಿನದು ಎಂದಿಟ್ಟುಕೊಳ್ಳಿ. ಎಂಟು ಜನ ದಿನಕ್ಕೆ ತಲಾ 25 ಲೀಟರ್ ಸುರಿದರೆ ನಾಲ್ಕೇ ದಿನ. ಸಮುದ್ರದಲ್ಲಿ ಮಿಂದು, ಹಿಂಬದಿಯ ಶವರ್‌ನಲ್ಲಿ ಎರಡು ಲೀಟರಿನಿಂದ ಉಪ್ಪು ತೊಳೆದುಕೊಂಡರೆ ವಾರವಿಡೀ ನಡೆಯುತ್ತದೆ.

ಹೆಚ್ಚು ಎಡವಟ್ಟಾಗುವುದು ಮೂರಿಂಗ್ ಬಾಲ್, ಅಂದರೆ ದೋಣಿ ಕಟ್ಟಲು ಸಮುದ್ರದ ತಳಕ್ಕೆ ಬಿಗಿದಿಟ್ಟ ತೇಲುಗುಂಡು, ಹಿಡಿಯುವಾಗ. ಗಾಳಿಗೆ ಮುಖ ಮಾಡಿ ನಿಧಾನವಾಗಿ ಹೋಗಿ. ಮುಂಭಾಗದಲ್ಲಿ ಬೋಟ್‌ಹುಕ್ (ಕೊಕ್ಕೆಯ ಕೋಲು) ಹಿಡಿದವರು ಕೈಸನ್ನೆ ಮಾಡಬೇಕು, ಕೂಗಿದರೆ ಎಂಜಿನ್ ಸದ್ದಿನಲ್ಲಿ ಕೇಳಿಸುವುದಿಲ್ಲ (ಕೇಳಿಸಿದ್ದೂ ತಪ್ಪಾಗಿ ಕೇಳಿಸುತ್ತದೆ). ಬಾಲ್‌ನ ಹಗ್ಗದ ಕುಣಿಕೆಯನ್ನು ಮೇಲೆತ್ತಿ, ಬಲ ಒಡಲಿನಿಂದ ಒಂದು ಹಗ್ಗ ತೂರಿಸಿ ಅದನ್ನು ಬಲಕ್ಕೇ ಕಟ್ಟಿ. ಎಡಕ್ಕೂ ಹಾಗೇ ಬೇರೆಯದೇ ಹಗ್ಗ. ಒಂದೇ ಹಗ್ಗವನ್ನು ಬಲದಿಂದ ಎಡಕ್ಕೆ ಎಳೆದು ಕಟ್ಟಿದರೆ ದೋಣಿ ತೂಗಿದಂತೆಲ್ಲ ಅದು ಕುಣಿಕೆಯೊಳಗೆ ಗರಗಸದಂತೆ ಉಜ್ಜಿ ಸವೆಯುತ್ತದೆ. ಹಿಂದಕ್ಕೆ ಎಂಜಿನ್ ಹಾಕುವ ಮೊದಲು ಡಿಂಗಿಯ ಹಗ್ಗ ಗಿಡ್ಡ ಮಾಡಿ, ಇಲ್ಲವಾದರೆ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಸೀಸನ್‌ನಲ್ಲಿ ಬಾಲ್‌ಗಳು ಮಧ್ಯಾಹ್ನಕ್ಕೇ ಭರ್ತಿ. ಲಂಗರು ಹಾಕಬೇಕಾದರೆ ಮರಳಿನಲ್ಲೇ ಹಾಕಿ: ನೀರಿನ ಆಳ 4 ಮೀಟರ್, ಮುಂಭಾಗದ ಎತ್ತರ 1 ಮೀಟರ್ ಆದರೆ ಒಟ್ಟು ಐದು, ಅದರ ಐದು ಪಟ್ಟು, ಅಂದರೆ 25 ಮೀಟರ್ ಸರಪಳಿ. ಆಮೇಲೆ ಮಾಸ್ಕ್ ಹಾಕಿ ಇಳಿದು, ಲಂಗರು ಹೂತಿದೆಯೇ ಎಂದು ಕಣ್ಣಾರೆ ನೋಡಿ.

ರಾಷ್ಟ್ರೀಯ ಉದ್ಯಾನದ ಬಾಲ್‌ಗಳಲ್ಲಿ 90 ನಿಮಿಷವಷ್ಟೇ ನಿಲ್ಲಬಹುದು. ವರ್ಜಿನ್ ಗೋರ್ಡಾದ ಬಾತ್ಸ್ ಗ್ರಾನೈಟ್ ಬಂಡೆಗಳಿಗೆ ಬೆಳಿಗ್ಗೆ ಎಂಟಕ್ಕೇ ಹೋಗಿ, ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗಿಳಿಯಬೇಡಿ. 1867ರ ಚಂಡಮಾರುತದಲ್ಲಿ ಮುಳುಗಿದ ಆರ್‌ಎಂಎಸ್ ರೋನ್ ಹಡಗು ಸಾಲ್ಟ್ ದ್ವೀಪದ ಬಳಿ ಇದೆ, ಅಲ್ಲಿ ಲಂಗರು ಹಾಕುವಂತಿಲ್ಲ.

ಅನೆಗಾಡಾ ಬೇರೆಯೇ ಪರೀಕ್ಷೆ. ಉಳಿದವು ಗುಡ್ಡಗಳು, ಇದು ಹವಳದ ಚಪ್ಪಟೆ ನೆಲ, ಅತಿ ಎತ್ತರದ ಜಾಗವೂ 10 ಮೀಟರ್ ಇಲ್ಲ. ಹತ್ತಿರ ಬರುವ ತನಕ ಕಾಣುವುದಿಲ್ಲ, ಮೊದಲು ಮರದ ತಲೆಗಳು ಮೂಡುತ್ತವೆ. ಪಕ್ಕದಲ್ಲೇ ಹಾರ್ಸ್‌ಶೂ ಹವಳದಿಬ್ಬ. ವರ್ಜಿನ್ ಗೋರ್ಡಾದ ಉತ್ತರ ತುದಿಯಿಂದ ಸುಮಾರು 15 ನಾಟಿಕಲ್ ಮೈಲಿ. ಬೆಳಿಗ್ಗೆಯೇ ಬಿಟ್ಟು, ಸೂರ್ಯ ನೆತ್ತಿಯ ಮೇಲಿರುವಾಗ ಒಳಗೆ ಹೋಗಿ: ಕಡುನೀಲಿ ಆಳ, ತಿಳಿಹಸಿರು ಮರಳು, ಕಂದು ಕಂಡರೆ ಹವಳ. ಇಲ್ಲಿ ಒಳಬರುವಾಗ ದಾರಿ ಗುರುತಿನ ಕೆಂಪು ಬೋಯಿ (ತೇಲುಗುರುತು) ಬಲಕ್ಕಿರಬೇಕು. ಭಾರತದಲ್ಲೋ ಯುರೋಪಿನಲ್ಲೋ ಕಲಿತವರಿಗೆ ಇದು ತಿರುಗುಮುರುಗು. ಕೆಲವು ಕಂಪನಿಗಳು ಅಲ್ಲಿಗೆ ಹೋಗಲು ಬಿಡುವುದೇ ಇಲ್ಲ, ಬುಕ್ ಮಾಡುವಾಗಲೇ ಕೇಳಿ. ನಮ್ಮ ಮಟ್ಟಿಗೆ, ಆ ಅನುಮತಿ ಕೊಡದ ದೋಣಿಯ ಬಾಡಿಗೆ ಅಷ್ಟರಮಟ್ಟಿಗೆ ಕಡಿಮೆಯಿರಬೇಕು.

ಕೊನೆಯ ರಾತ್ರಿ ಟೊರ್ಟೋಲಾದ ರೋಡ್ ಟೌನ್‌ಗೆ ಒಂದೆರಡು ಗಂಟೆಯ ದೂರದಲ್ಲೇ ತಂಗಿ. ಮರಳಿಸುವ ಬೆಳಿಗ್ಗೆ ಡೀಸೆಲ್ ಪಂಪಿನ ಮುಂದೆ ಬಾಡಿಗೆ ದೋಣಿಗಳೆಲ್ಲ ಒಟ್ಟಿಗೇ ಸಾಲುಗಟ್ಟುತ್ತವೆ.